ಕಡಲು ವಾಪಸು ಕಳಿಸಿದ ಕೈ

ಪ್ರೊಪೆಲರ್ ಕಡಲಿನಿಂದ ವಾಪಸು ಬಂದಾಗ ಅದರ ಒಂದು ರೆಕ್ಕೆಯ ಮೇಲೆ ಒಂದು ಕೈ ಇತ್ತು.

ಐದು ಬೆರಳು, ಒಂದು ಅಂಗೈ. ಮಿಕ್ಕ ಮೂರು ರೆಕ್ಕೆಗಳು ಕಳಿಸಿದ ದಿನದ ಹಾಗೇ ನುಣ್ಣಗಿದ್ದವು. ಈ ಒಂದರ ಮೇಲೆ ಮಾತ್ರ ಬಿಳಿ ಚಿಪ್ಪುಗಳು ಒತ್ತೊತ್ತಾಗಿ ಬೆಳೆದಿದ್ದವು. ಯಾರೋ ಹೆಂಗಸು ಸುಣ್ಣದಲ್ಲಿ ಕೈ ಅದ್ದಿ ಒತ್ತಿದ ಹಾಗಿತ್ತು. ಲಾರಿಯಿಂದ ಇಳಿಸಿದವರು ಅದರ ಸುತ್ತ ನಿಂತು ಒಬ್ಬರ ಮುಖ ಒಬ್ಬರು ನೋಡಿದರು. ನವನೀತನ್ ಮಾತ್ರ ಯಾರ ಮುಖವನ್ನೂ ನೋಡಲಿಲ್ಲ. ಅದು ಯಾರ ಕೈ ಎಂದು ಅವನಿಗೆ ಗೊತ್ತಿತ್ತು.

ಪೋತ್ತನೂರಿನ ರೈಲ್ವೆ ವರ್ಕ್‌ಶಾಪಿನ ಹಿಂದಿರುವ ಆ ಶೆಡ್ಡಿಗೂ ಕಡಲಿಗೂ ಎತ್ತಣ ಸಂಬಂಧ ಎಂದು ಹೊಸಬರು ಕೇಳುತ್ತಾರೆ. ಪಕ್ಕದ ಫೌಂಡ್ರಿಯಲ್ಲಿ ಎರಕವಾದ ಕಂಚಿನ ಪ್ರೊಪೆಲರುಗಳು ಇಲ್ಲಿಗೆ ಬರುತ್ತವೆ. ನೀರಿನಲ್ಲಿ ಅವಕ್ಕೆ ಪಾಚಿ, ಚಿಪ್ಪು ಹತ್ತದ ಹಾಗೆ ಇಲ್ಲಿ ಕೋಟಿಂಗ್ ಕೊಡುತ್ತಾರೆ. ಪ್ರೊಪೆಲರ್ ತಿರುಗಿದೊಡನೆ ಅಂಟಿದ್ದೆಲ್ಲ ಜಾರಿ ಬೀಳಬೇಕು, ಅಷ್ಟು ನುಣುಪು. ಅದಕ್ಕಿರುವ ದೊಡ್ಡ ಶತ್ರು ಬರಿಗೈ. ಆಸಿಡ್ ಹಾಕಿ ಒರೆಸಿದ ಮೇಲೆ ಗ್ಲೌಸ್ ಇಲ್ಲದೆ ಮುಟ್ಟಿದರೆ, ಕೈಯ ಎಣ್ಣೆ ಕೂತ ಜಾಗದಲ್ಲಿ ಕೋಟಿಂಗ್ ಕಚ್ಚಿಕೊಳ್ಳುವುದಿಲ್ಲ. ಕಡಲು ಆ ಜಾಗವನ್ನು ಹುಡುಕಿ ಹಿಡಿಯುತ್ತದೆ.

ಇದು ಇಬ್ಬರು ಮಾಡುವ ಕೆಲಸ. ಒಬ್ಬರು ಹಳದಿ ಪ್ರೈಮರ್ ಬಳಿಯುತ್ತಾ ಮುಂದೆ ಹೋಗಬೇಕು. ಅದು ಒಣಗುವ ಮೊದಲೇ ಇನ್ನೊಬ್ಬರು ಹಿಂದೆಯೇ ಬಂದು ಮೇಲಿನ ಕೋಟ್ ಹಾಕಬೇಕು. ಮುಂದೆ ಹೋಗುವವನು ನವನೀತನ್, ಕಾರಮಡೈ ಕಡೆಯ ಬಾಳೆತೋಟದ ಮನೆಯವನು. ಹಿಂದೆ ಬರುವವಳು ತಮಿಳ್‌ಸೆಲ್ವಿ, ಕರುಮತ್ತಂಪಟ್ಟಿಯ ನೇಕಾರರ ಸೊಸೆ. ಶೆಡ್ಡಿನಲ್ಲಿ ಎಲ್ಲರದೂ ತಮಿಳು. ಇವರಿಬ್ಬರ ಮನೆಯಲ್ಲಿ ಮಾತ್ರ ಕನ್ನಡ.

ಅದು ಗೊತ್ತಾದ ದಿನ ನವನೀತನ್, ಕನ್ನಡದ ಮನೆಯಲ್ಲಿ ಹುಟ್ಟಿ ತಮಿಳ್‌ಸೆಲ್ವಿ ಅಂತ ಹೆಸರಿಟ್ಟುಕೊಂಡವಳನ್ನು ಇವತ್ತೇ ನೋಡಿದ್ದು ಎಂದು ಕೆಣಕಿದ್ದ. ಬೆಣ್ಣೆ ಅಂತ ಹೆಸರಿಟ್ಟುಕೊಂಡು ಆಸಿಡ್ ಹಾಕಿ ಒರೆಸುವವರನ್ನು ತಾನೂ ಇವತ್ತೇ ನೋಡಿದ್ದು ಎಂದು ಅವಳು ಅಂದಿದ್ದಳು. ಅವತ್ತಿನಿಂದ ಅವನ ಕಿವಿ ಹಿಂದಕ್ಕೇ ಇರುತ್ತಿತ್ತು. ಪ್ರೈಮರ್ ಬಳಿಯುವವನು ಹಿಂದೆ ತಿರುಗುವಂತಿಲ್ಲ. ತಿರುಗಿದರೆ ಕೈ ನಿಲ್ಲುತ್ತದೆ, ಪ್ರೈಮರ್ ಒಣಗುತ್ತದೆ. ಆದ್ದರಿಂದ ಅವನಿಗೆ ಅವಳ ಬಳೆಯ ಸದ್ದು ಗೊತ್ತಿತ್ತು, ಬ್ರಷ್ಷಿನ ಎಳೆತ ಗೊತ್ತಿತ್ತು. ಒಮ್ಮೊಮ್ಮೆ ಹಸಿ ಪ್ರೈಮರಿನ ಹೊಳಪಿನಲ್ಲಿ ಅವಳ ಹಣೆಯ ಕುಂಕುಮ ಮಸಕಾಗಿ ಕಾಣುತ್ತಿತ್ತು. ಅದು ಕಂಡ ದಿನ ಅವನು ಊಟದಲ್ಲಿ ಉಪ್ಪಿದೆಯೋ ಇಲ್ಲವೋ ನೋಡುತ್ತಿರಲಿಲ್ಲ.

ಆ ಕುಂಕುಮದ ಕಥೆ ಶೆಡ್ಡಿಗೆಲ್ಲ ತಿಳಿದದ್ದೇ. ಅವಳ ಗಂಡ ರಾಜೇಂದ್ರನ್ ಮಗ್ಗ ನಿಂತ ಮೇಲೆ ತೂತ್ತುಕುಡಿಗೆ ಹೋಗಿ ಬೋಟಿನ ಇಂಜಿನ್ ಕೆಲಸಕ್ಕೆ ಸೇರಿದ್ದ. ಒಂದು ಗಾಳಿಮಳೆಯಲ್ಲಿ ಬೋಟು ಅವನಿಲ್ಲದೆ ದಡಕ್ಕೆ ಬಂತು. ದೇಹ ಸಿಗಲಿಲ್ಲ. ದೇಹ ಸಿಗದ್ದರಿಂದ ಅವನ ತಾಯಿ ಕನ್ನಿಯಮ್ಮಾಳ್ ಸಾವನ್ನು ಒಪ್ಪಲಿಲ್ಲ. ದಿನಾ ಬೆಳಿಗ್ಗೆ ಸೊಸೆಯ ತಲೆಗೆ ತಾನೇ ಎಣ್ಣೆ ಹಚ್ಚಿ, ಜಡೆ ಹೆಣೆದು, ಹಣೆಗೆ ಕುಂಕುಮ ಇಟ್ಟೇ ಬಸ್ಸು ಹತ್ತಿಸುತ್ತಿದ್ದಳು. ವರ್ಷಗಳು ಕಳೆದರೂ ಅದು ತಪ್ಪಲಿಲ್ಲ.

ಪೊಂಗಲ್ ಕಳೆದ ಮೇಲೆ ನವನೀತನ್ ಧೈರ್ಯ ಮಾಡಿ ಕೇಳಿಯೇಬಿಟ್ಟಿದ್ದ. ತನ್ನನ್ನು ಮದುವೆಯಾಗುತ್ತೀಯಾ ಎಂದು. ಅವಳು ಗ್ಲೌಸ್ ಕಳಚಿ ಮಡಿಚಿಟ್ಟಳು.

"ನೀವು ಯಾರನ್ನ ಕೇಳ್ತಾ ಇದ್ದೀರಿ? ರಾಜೇಂದ್ರನ್ ಹೆಂಡ್ತೀನಾ, ಇಲ್ಲ ಅವರು ಬಿಟ್ಟುಹೋದವಳನ್ನಾ? ನಾನು ಯಾರು ಅಂತ ನನಗೇ ಗೊತ್ತಿಲ್ಲೆ. ಗೊತ್ತಾದ ದಿನ ಹೇಳ್ತೀನಿ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತಲ್ಲ ಅದು, ನಿಜವಾದ ಮಾತು. ಅದಕ್ಕೇ ಅವನಿಗೆ ಅಷ್ಟು ನೋವಾಯಿತು.

ಈಗ ಶೆಡ್ಡಿನ ಮಾಲೀಕ ಪೊನ್ನುಸಾಮಿ ಆ ರೆಕ್ಕೆಯ ಮುಂದೆ ನಿಂತಿದ್ದ. ಬೋಟಿನವರು ಫೋನಿನಲ್ಲಿ ಅವನ ಮಾನ ಕಳೆದಿದ್ದರು. ಇದು ಯಾರ ಕೆಲಸವೋ ಅವರು ನಾಳೆಯಿಂದ ಬರುವುದು ಬೇಡ ಎಂದು ತಮಿಳಿನಲ್ಲಿ ಹೇಳಿದ. ನವನೀತನ್ ಮುಂದೆ ಬಂದು ತನ್ನದೇ ತಪ್ಪು ಎಂದ. ಪೊನ್ನುಸಾಮಿ ಅವನ ಅಗಲವಾದ ಕೈಯನ್ನು ಹಿಡಿದು ಚಿಪ್ಪುಗಳ ಪಕ್ಕಕ್ಕೆ ತಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಯಾಗಿ ಬರೆ ಹಾಕಿಸಿಕೊಳ್ಳಲು ಬಂದಿದ್ದೀಯಾ ಎಂಬ ಹಾಗೆ ನೋಡಿದ.

ಆಗ ಸೆಲ್ವಿ ಬಂದಳು. ಯಾರೂ ಕೇಳದೆಯೇ ತನ್ನ ಕೈಯನ್ನು ಆ ಚಿಪ್ಪುಗಳ ಮೇಲಿಟ್ಟಳು. ಬೆರಳಿಗೆ ಬೆರಳು ಸರಿಯಾಗಿ ಕೂತಿತು.

ಹೋದ ವರ್ಷ ಆಡಿ ಅಮಾವಾಸ್ಯೆಯ ದಿನ ಎಂದಳು. ಊರಿನವರೆಲ್ಲ ಸತ್ತವರಿಗೆ ನೀರು ಬಿಡಲು ನೊಯ್ಯಲ್ ನದಿಯ ದಂಡೆಯ ಪೇರೂರಿಗೆ ಹೋಗಿದ್ದರು. ಬದುಕಿರುವ ಮಗನಿಗೆ ಯಾಕೆ ನೀರು ಎಂದು ಅತ್ತೆ ಅವಳನ್ನು ಕೆಲಸಕ್ಕೆ ಕಳಿಸಿದ್ದರು. ಒರೆಸಿಟ್ಟ ಈ ಪ್ರೊಪೆಲರ್ ಕಂಡಾಗ, ಇದು ತೂತ್ತುಕುಡಿಯ ಕಡಲಿಗೇ ಹೋಗುವುದು ಎಂದು ನೆನಪಾಯಿತು. ಗ್ಲೌಸ್ ತೆಗೆದು, ಜಡೆ ಸವರಿ ಎಣ್ಣೆ ಹತ್ತಿದ್ದ ಕೈಯನ್ನು ಒತ್ತಿ, ಹೋಗಿ ನನ್ನ ಗಂಡ ಅಲ್ಲಿ ಇದ್ದಾರಾ ಅಂತ ಕೇಳಿಕೊಂಡು ಬಾ ಅಂದಿದ್ದಳು. ಅಷ್ಟೇ.

"ನಾನು ನೋಡಿದ್ದೆ," ಎಂದ ನವನೀತನ್. "ಮತ್ತೆ ಒರೆಸಬೇಕಿತ್ತು. ನನ್ನ ಕೈಯಲ್ಲಿ ಆಗಲಿಲ್ಲ. ಆ ಕೈ ಮೇಲೇ ಪ್ರೈಮರ್ ಬಳಿದೆ."

ಅವಳು ಅವನ ಕಡೆ ತಿರುಗಿದಳು. ಒಂದು ವರ್ಷ ಅವನು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಎಂದು ಅವಳಿಗೆ ಆವಾಗಲೇ ತಿಳಿದದ್ದು. ಆ ನೋಟದಲ್ಲಿ ನಾಚಿಕೆಯಿತ್ತು, ಕೋಪವೂ ಸ್ವಲ್ಪ ಇತ್ತು, ಇವೆರಡಕ್ಕಿಂತ ಹೆಚ್ಚಾಗಿ ಒಂದು ನೆಮ್ಮದಿಯಿತ್ತು. ಪೊನ್ನುಸಾಮಿ ಕೆಮ್ಮಿದ. ಇಬ್ಬರೂ ಸೇರಿ ಕೆಡಿಸಿದ್ದನ್ನು ಇಬ್ಬರೂ ಸೇರಿ ಸರಿಮಾಡಿ ಎಂದು ಹೇಳಿ ಆಫೀಸಿನ ಒಳಗೆ ಹೋದ.

ಸಂಜೆ ಮನೆಗೆ ಹೋಗಿ ಸೆಲ್ವಿ ಅತ್ತೆಗೆ ಎಲ್ಲ ಹೇಳಿದಳು. ಮಾರನೇ ದಿನ ಕನ್ನಿಯಮ್ಮಾಳ್ ಅವಳ ಜೊತೆ ಅದೇ ಬಸ್ಸಿನಲ್ಲಿ ಬಂದಳು.

ಮುದುಕಿ ರೆಕ್ಕೆಯ ಮುಂದೆ ನಿಂತು ಚಿಪ್ಪುಗಳನ್ನು ಒಂದೊಂದಾಗಿ ಸವರಿದಳು. ಬಗ್ಗಿ ಮೂಸಿದಳು. ಇದರೊಳಗೆ ಜೀವ ಇದೆಯಾ ಎಂದು ನವನೀತನ್‌ನನ್ನು ಕೇಳಿದಳು.

"ಇಲ್ಲಮ್ಮಾ. ನೀರು ಬಿಟ್ಟ ಮೇಲೆ ಇವು ಬದುಕೋದಿಲ್ಲ."

ಹೊರಗೆ ರೈಲೊಂದು ಶಂಟಿಂಗ್ ಆಗುತ್ತಿತ್ತು, ಅದು ನಿಂತ ಮೇಲೆ ಮುದುಕಿ ಬಾಯಿ ಬಿಟ್ಟಳು.

"ನನ್ನ ಸೊಸೆ ಕೇಳಿ ಕಳಿಸಿದ್ಳು. ಕಡಲು ಅವಳ ಕೈನೇ ವಾಪಸು ಕಳಿಸಿದೆ. ಅವನು ಇದ್ದಿದ್ರೆ ಅವನನ್ನ ಕಳಿಸ್ತಿತ್ತು."

ಹಾಗೆಂದು ನೆಲದ ಮೇಲೆ ಕೂತು ಸೆರಗು ಹರಡಿದಳು. ಕೆರೆದು ಇದರಲ್ಲಿ ಹಾಕು ಎಂದಳು. ನವನೀತನ್ ಸ್ಕ್ರೇಪರ್ ಎತ್ತಿಕೊಂಡ, ಆದರೆ ಸೆಲ್ವಿ ಅವನ ಕೈಯಿಂದ ಅದನ್ನು ತೆಗೆದುಕೊಂಡಳು. ಕಿರುಬೆರಳಿನಿಂದ ಶುರುಮಾಡಿದಳು. ಒಂದೊಂದು ಬೆರಳು ಹೋದಾಗಲೂ ಬಿಳಿ ಚೂರುಗಳು ಸೆರಗಿಗೆ ಉದುರಿದವು. ಅಂಗೈ ಉಳಿದಾಗ ಅವಳಿಗೆ ಅಳು ತಡೆಯಲಾಗಲಿಲ್ಲ. ನವನೀತನ್‌ಗೆ ಅವಳ ಭುಜ ಹಿಡಿಯಬೇಕು ಅನ್ನಿಸಿತು. ಹಿಡಿಯಲಿಲ್ಲ. ಅದು ರಾಜೇಂದ್ರನ್‌ಗೆ ಸೇರಿದ ಅಳು, ಅದರಲ್ಲಿ ತನಗೆ ಪಾಲಿಲ್ಲ ಎಂದು ಅವನಿಗೆ ಗೊತ್ತಿತ್ತು.

ಮರುವಾರವೇ ಆಡಿ ಅಮಾವಾಸ್ಯೆ. ಪೇರೂರಿಗೆ ಅವನೂ ಬರಲಿ ಎಂದು ಹೇಳಿಕಳಿಸಿದವಳು ಕನ್ನಿಯಮ್ಮಾಳೇ. ಅವನು ದೂರದಲ್ಲಿ ನಿಂತ. ನದಿಯ ದಂಡೆಯಲ್ಲಿ ಎಳ್ಳು ನೀರು ಬಿಡಿಸುವ ಅಯ್ಯರು ಚಿಪ್ಪಿನ ಚೂರು ತುಂಬಿ ತಂದ ಮಡಕೆಯ ಬಟ್ಟೆ ಬಿಚ್ಚಿ ನೋಡಿ, ಅಸ್ಥಿಯಾ ಎಂದು ಕೇಳಿದರು.

"ಆಮಾ," ಎಂದಳು ಮುದುಕಿ. "ನನ್ನ ಮಗನದು."

ಅದು ಸುಳ್ಳು ಎಂದು ನವನೀತನ್‌ಗೆ ಅನ್ನಿಸಲೇ ಇಲ್ಲ.

ನೊಯ್ಯಲಿನಲ್ಲಿ ಹೆಚ್ಚು ನೀರಿರಲಿಲ್ಲ. ಚಿಪ್ಪುಗಳು ತಳಕ್ಕೆ ಇಳಿದು ಮರಳಿನ ಮೇಲೆ ಕೂತವು. ಈ ನೀರು ಕಡಲಿಗೆ ಹೋಗುತ್ತಾ ಎಂದು ಕನ್ನಿಯಮ್ಮಾಳ್ ಕೇಳಿದಳು. ಕಾವೇರಿ ಸೇರುತ್ತದೆ, ಕಾವೇರಿ ಕಡಲು ಸೇರುತ್ತದೆ ಎಂದಳು ಸೆಲ್ವಿ. ಮುದುಕಿ ತಲೆಯಾಡಿಸಿ, ಸೊಸೆಯ ಕತ್ತಿನ ತಾಳಿಯನ್ನು ತಾನೇ ಬಿಚ್ಚಿ ನೀರಿಗೆ ಬಿಟ್ಟಳು. ಪಕ್ಕದ ಹೆಂಗಸೊಬ್ಬಳು ಕುಂಕುಮ ಅಳಿಸಲು ಕೈ ಚಾಚಿದಾಗ ಮಾತ್ರ ಅವಳ ಕೈಯನ್ನು ತಳ್ಳಿದಳು.

"ಅದು ಹುಟ್ಟಿದಾಗಿಂದ ಅವಳದು. ಮುಟ್ಟಬೇಡ."

ವಾಪಸು ಬರುವ ಬಸ್ಸಿನಲ್ಲಿ ಕನ್ನಿಯಮ್ಮಾಳ್ ನವನೀತನ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಸೆಲ್ವಿಯನ್ನು ಅವನು ಕೇಳಿದ್ದು ತನಗೆ ಗೊತ್ತು ಎಂದಳು. ಇನ್ನೊಂದು ಸಲ ಕೇಳಬೇಡ, ಅವಳಿಗೆ ಬಾಯಿದೆ ಎಂದಳು. ಅವಳು ಎಲ್ಲಿಗೆ ಹೋದರೂ ತಾನು ಅವಳ ಜೊತೆಗೇ ಹೋಗುವವಳು, ಅದನ್ನೂ ತಿಳಿದುಕೊಂಡಿರು ಎಂದಳು. ಅವನು ಎಲ್ಲದಕ್ಕೂ ಸರಿ ಅಮ್ಮಾ ಎಂದ.

ಎರಡು ದಿನ ಕಳೆದ ಮೇಲೆ ಅದೇ ಪ್ರೊಪೆಲರ್‌ಗೆ ಹೊಸ ಕೋಟಿಂಗ್. ಉಜ್ಜಿ, ಆಸಿಡ್ ಹಾಕಿ ಒರೆಸಿ, ಇಬ್ಬರೂ ಗ್ಲೌಸ್ ಹಾಕಿಕೊಂಡರು. ಕೈ ಇದ್ದ ರೆಕ್ಕೆಯನ್ನು ಸೆಲ್ವಿ ಒಂದು ಗಳಿಗೆ ನೋಡಿದಳು. ಬರೀ ಕಂಚು. ನವನೀತನ್ ಪ್ರೈಮರ್ ಡಬ್ಬ ತೆರೆದು ಆ ರೆಕ್ಕೆಯಿಂದಲೇ ಶುರುಮಾಡಿದ. ಹಿಂದೆ ಬಳೆಯ ಸದ್ದು, ಬ್ರಷ್ಷಿನ ಎಳೆತ. ಅರ್ಧ ರೆಕ್ಕೆ ಆಗಿತ್ತು.

"ತಿರುಗಬೇಡಿ," ಎಂದಳು ಸೆಲ್ವಿ. "ಪ್ರೈಮರ್ ಒಣಗುತ್ತೆ."

"ತಿರುಗಲ್ಲ. ಏನು?"

"ನಾನು ಯಾರು ಅಂತ ಈಗ ಗೊತ್ತಾಯ್ತು."

ಅವನು ಬ್ರಷ್ಷನ್ನು ಬಿಗಿಯಾಗಿ ಹಿಡಿದ.

"ಅವತ್ತು ಕೇಳಿದ್ರಲ್ಲ," ಎಂದಳು. ಅವಳ ಬ್ರಷ್ ನಿಂತಿರಲಿಲ್ಲ. "ಸರಿ."

ಹಸಿ ಪ್ರೈಮರಿನಲ್ಲಿ ಅವಳ ಹಣೆಯ ಕುಂಕುಮ ಮಸಕಾಗಿ ಕಂಡಿತು. ಕಣ್ಣು ತುಂಬಿಕೊಂಡದ್ದರಿಂದ ಅವನಿಗೆ ಅದೂ ಸರಿಯಾಗಿ ಕಾಣಲಿಲ್ಲ. ಇನ್ನೂ ಅರ್ಧ ರೆಕ್ಕೆ ಬಾಕಿಯಿತ್ತು. ಅದು ಮುಗಿಯುವವರೆಗೂ ನವನೀತನ್ ತಿರುಗಲಿಲ್ಲ.