ನಾಮದೇವಣ್ಣನ ಕೈನಡುಕ

ಹುಬ್ಬಳ್ಳಿಯ ಕರಕೌಶಲ ಕೇಂದ್ರದಲ್ಲಿ ಎಂಟು ಮಂದಿ ಎಂಟು ಹಳೆಯ ರೀಲು ಕ್ಯಾಮೆರಾಗಳನ್ನು ಬಿಚ್ಚುತ್ತಿದ್ದರು. ಎಲ್ಲರ ಬೆರಳುಗಳೂ ಒಟ್ಟಿಗೇ ಏಳುತ್ತಿದ್ದವು, ಒಟ್ಟಿಗೇ ಸ್ಕ್ರೂ ತಿರುಗಿಸುತ್ತಿದ್ದವು. ಅವರು ತೊಟ್ಟಿದ್ದದ್ದು ಹಸ್ತಗುರು ಎಂಬ ಕೈಗವಸು. ನುರಿತವರ ಕೈಚಲನೆಯನ್ನು ಅದು ಗ್ರಹಿಸಿ ಇಟ್ಟುಕೊಳ್ಳುತ್ತದೆ. ಆಮೇಲೆ ತೊಟ್ಟವರ ಸ್ನಾಯುಗಳಿಗೆ ಸಣ್ಣ ವಿದ್ಯುತ್ ಸ್ಪಂದನ ಕೊಟ್ಟು ಅದೇ ಚಲನೆ ಮಾಡಿಸುತ್ತದೆ. ರೊಟ್ಟಿ ಬಡಿಯುವುದರಿಂದ ಹಿಡಿದು ತಬಲಾ ನುಡಿಸುವವರೆಗೆ ನಾಡಿನ ಜನ ಎಲ್ಲವನ್ನೂ ಹೀಗೇ ಕಲಿಯುತ್ತಿದ್ದ ಕಾಲವದು. ಕಲಿತೆವೆಂದು ನಂಬಿದ್ದ ಕಾಲ ಎನ್ನುವುದೇ ಸರಿ. ಗವಸು ಕಳಚಿದರೆ ರೊಟ್ಟಿ ಹರಿಯುತ್ತಿತ್ತು, ತಾಳ ತಪ್ಪುತ್ತಿತ್ತು. ಮತ್ತೆ ತೊಟ್ಟರಾಯಿತಲ್ಲ ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಕಾರ್ಯಾಗಾರ ನಡೆಸುತ್ತಿದ್ದ ನಾಮದೇವ ಬದ್ದಿ ಮಾತ್ರ ತಲೆ ಕೆಡಿಸಿಕೊಂಡಿದ್ದರು. ಆಯುಷ್ಯವನ್ನೆಲ್ಲ ಕ್ಯಾಮೆರಾ ರಿಪೇರಿಗೇ ಸವೆಸಿದವರು. ಈ ವಿದ್ಯೆ ತಮ್ಮ ನಂತರ ಯಾರ ಕೈಯಲ್ಲಾದರೂ ಉಳಿಯಬೇಕು, ಅದೊಂದೇ ಹಂಬಲ. ಆದರೆ ಇತ್ತೀಚೆಗೆ ಅವರ ಕೈ ನಡುಗಲು ಶುರುವಾಗಿತ್ತು. ಸುದ್ದಿ ಹೊರಬಿದ್ದರೆ ಕಾರ್ಯಾಗಾರವೇ ನಿಂತೀತೆಂಬ ಭಯಕ್ಕೆ, ಪಾಪ, ಅವರೂ ಹಸ್ತಗುರು ತೊಟ್ಟು ತಮ್ಮದೇ ಹಳೆಯ ಚಲನೆಯನ್ನು ಓಡಿಸಿಕೊಳ್ಳುತ್ತಿದ್ದರು. ಕೈ ಗಟ್ಟಿಯಿದ್ದ ಕಾಲದ ತಮಗೆ ತಾವೇ ಶಿಷ್ಯರಾಗಿದ್ದರು.

ಮರುದಿನ ಕೇಂದ್ರದವರು ಬೇರೆ ಮಾದರಿಯ ಕ್ಯಾಮೆರಾಗಳನ್ನು ತಂದಿಟ್ಟರು. ನಾಮದೇವ ಒಂದನ್ನೆತ್ತಿ ಕಣ್ಣಿನ ಹತ್ತಿರ ಹಿಡಿದು ನೋಡಿದರು. ಅವುಗಳ ಮೇಲಿನ ಸ್ಕ್ರೂ ಉಲ್ಟಾ ಸುತ್ತಿನದು. ಎಲ್ಲ ಸ್ಕ್ರೂಗಳಂತೆ ಎಡಕ್ಕೆ ತಿರುಗಿಸಿದರೆ ಬಿಚ್ಚುವುದಿರಲಿ, ಬಿಗಿದು ಮುರಿದೇಹೋಗುತ್ತದೆ. ಹಳೆಯ ಚಲನೆಗೆ ಈ ಮಾತು ಗೊತ್ತಿಲ್ಲ.

"ತಡೀರಿ, ತಡೀರಿ, ಇದನ್ನ ನಾ ಮಾಡಿ ತೋರಸ್ತೀನಿ" ಎಂದು ಅವಸರದಲ್ಲಿ ತಮ್ಮ ಗವಸಿನ ಗುಂಡಿ ಒತ್ತಿದರು. ಹಳೆಯ ಚಲನೆ ನಿಂತಿತೇನೋ ಹೌದು. ಆದರೆ ಅವರು ಒತ್ತಿದ್ದು ನೇರ ಪ್ರಸಾರದ ಗುಂಡಿ, ತಮ್ಮ ಕೈ ಆಡಿದ್ದನ್ನು ಆ ಕ್ಷಣವೇ ಎಲ್ಲರ ಗವಸಿಗೂ ಕಳಿಸುವಂಥದ್ದು.

ಎಂಟೂ ಜನರ ಕೈಗಳು ಥರಥರ ನಡುಗತೊಡಗಿದವು. ಸ್ಕ್ರೂಡ್ರೈವರುಗಳು ಜಾರಿ ಬಿದ್ದವು.

"ಅಯ್ಯ, ಏನಾತ್ರೀ ಇದಕ್ಕ?" ಎಂದರು ಆ ಎಂಟು ಜನರಲ್ಲೊಬ್ಬರಾದ ನಿವೃತ್ತ ಚಿತ್ರಕಲಾ ಶಿಕ್ಷಕಿ ಶಿವಲೀಲಾ.

ಹಸ್ತಗುರುವನ್ನು ರೂಪಿಸಿದ ವಿಜ್ಞಾನಿ ಶಾಹಿದಾ ಕಿತ್ತೂರ ಓಡಿಬಂದು, ಒಂದೊಂದೇ ಗವಸು ಪರೀಕ್ಷಿಸಿ, ಕೊನೆಗೆ ನಾಮದೇವರ ಕೈ ನೋಡಿದರು.

"ದೋಷ ಮಷೀನಿಂದಲ್ರಿ ಮೇಡಮ್ಮಾರ, ನಂದು" ಎಂದರು ನಾಮದೇವ, ತಲೆ ತಗ್ಗಿಸಿ. "ಮುಚ್ಚಿಟ್ಟಿದ್ದೆ. ಇದೊಂದು ಸ್ಕ್ರೂ ಬಿಚ್ಚತೀನಿ. ಆಮ್ಯಾಲೆ ಬಂದ್ ಮಾಡ್ರಿ, ನಾನೂ ಮನಿಗೆ ಹೋಗ್ತೀನಿ."

ಮನೆಯಲ್ಲಿ ಮಾಡುವ ಹಾಗೆಯೇ ಮಾಡಿದರು. ಮಣಿಕಟ್ಟನ್ನು ಟೇಬಲಿನ ಅಂಚಿಗೆ ಆನಿಸಿ, ಉಸಿರು ಬಿಟ್ಟು, ನಡುಕ ಇಳಿಯುವುದನ್ನು ಕಾದು, ಬಲಕ್ಕೆ ಒಂಚೂರು ತಿರುಗಿಸಿದರು. ಮತ್ತೆ ಕಾದರು. ಎಂಟು ಮಂದಿಯೂ ಬಿದ್ದ ಸ್ಕ್ರೂಡ್ರೈವರು ಎತ್ತಿಕೊಂಡು, ಹಲ್ಲು ಕಚ್ಚಿಕೊಂಡು, ಹಿಡಿತಕ್ಕೆ ಸಿಗದ ಕೈಯೊಂದಿಗೆ ಗುದ್ದಾಡುತ್ತ ಹಾಗೇ ಮಾಡಿದರು. ಸ್ಕ್ರೂ ಸಡಿಲಾಗುವಷ್ಟರಲ್ಲಿ ಎಲ್ಲರೂ ಬೆವತಿದ್ದರು.

ನಾಮದೇವ ಗವಸು ಕಳಚಿಟ್ಟು ಚೀಲ ಎತ್ತಿಕೊಂಡರು. ಬೆವರು ಒರೆಸಲು ಶಿವಲೀಲಾ ಕೂಡ ಗವಸು ತೆಗೆದಿದ್ದರು. ಹಾಗೇ ಬರಿಗೈಯಲ್ಲಿ ಇನ್ನೊಂದು ಕ್ಯಾಮೆರಾದ ಸ್ಕ್ರೂಗೆ ಕೈ ಹಾಕಿದರು. ಅದು ಬಿಚ್ಚಿಕೊಂಡು ಬಂತು.

"ನಾಮದೇವಣ್ಣ, ಎಲ್ಲಿ ಹೊಂಟ್ರಿ? ಇಲ್ಲಿ ನೋಡ್ರಿ, ನನಗ ಬಂತು."

ಉಳಿದವರೂ ಗವಸು ಕಳಚಿ ನೋಡಿದರು. ಅವರಿಗೂ ಬಂತು.

ಶಾಹಿದಾ ಕಳಚಿಟ್ಟ ಗವಸೊಂದನ್ನು ಎತ್ತಿಕೊಂಡು ಹೇಳಿದರು: "ಇಷ್ಟು ದಿನ ಕೈ ತಾನಾಗೇ ಸಾಗ್ತಿತ್ತು, ಮೆದುಳು ಆರಾಮ ಮಲಗಿತ್ತು. ನಿಮ್ಮ ನಡುಕ ತಡೀಲಿಕ್ಕೆ ಅದಕ್ಕ ಏಳಬೇಕಾತು. ಎದ್ದಿದ್ದಕ್ಕ ಕಲೀತು."

"ಅಂದ್ರ ಈ ಹಾಳು ನಡುಕಾನ ಮಾಸ್ತರಿಕಿ ಮಾಡೇತೇನ್ರಿ?" ಎಂದರು ನಾಮದೇವ. ಚೀಲ ಕೆಳಗಿಟ್ಟರು.

ಮುಂದೆ ಶಾಹಿದಾ ಎಲ್ಲ ಹಸ್ತಗುರುಗಳಿಗೂ ಆ ನಡುಕವನ್ನು ಬೆರೆಸಿದರು. ರೊಟ್ಟಿ ಕಲಿಯುವವರ ಕೈ, ತಬಲಾ ಕಲಿಯುವವರ ಕೈ, ಎಲ್ಲವೂ ಮೊದಲು ನಾಮದೇವರ ಕೈಯಂತೆ ನಡುಗಿ, ಆಮೇಲೆ ತಮ್ಮ ಕಾಲ ಮೇಲೆ ತಾವು ನಿಂತವು.

ಶಿವಲೀಲಾ ಈ ಸುದ್ದಿ ಹೇಳಲು ಬಂದಾಗ ನಾಮದೇವರ ಕಪ್ಪಿನ ಚಹಾ ಕೈನಡುಕಕ್ಕೆ ಅರ್ಧಕ್ಕರ್ಧ ಅಡಿಯ ಬಸಿಗೆ ಚೆಲ್ಲಿತ್ತು. ಅವರು ನಕ್ಕುಬಿಟ್ಟರು.

"ನಾಡಿಗೆಲ್ಲ ಹಂಚೀನ್ರಿ ಅಕ್ಕೋರ. ಆದ್ರೂ ನನ್ನ ಪಾಲು ಒಂಚೂರೂ ಕಡಿಮಿ ಆಗವಲ್ದು ನೋಡ್ರಿ."