ಬಶಿಯೊಳಗಿನ ಅಲೆ

ಯಂತ್ರ ಕೆಟ್ಟಿರಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಮರುದಿನ ಕಾರವಾರದ ಸಮುದ್ರದಲ್ಲಿ ಅದು ಎಲ್ಲೂ ತಪ್ಪಲಿಲ್ಲ.

ಇಸವಿ ಎರಡು ಸಾವಿರ, ಬೇಸಿಗೆ. ಬೆಳಗಾವಿಯ ನಮ್ಮ ಕಾಲೇಜಿನಲ್ಲಿ ನಾನೂ ಸಹೋದ್ಯೋಗಿ ಓಂಕಾರನೂ ಆಳಿಲ್ಲದೆ ತಾನೇ ಓಡುವ ಪುಟ್ಟ ದೋಣಿ ಕಟ್ಟಿದ್ದೆವು. ಓಡುತ್ತಲೇ ಅಲೆ ಅಳೆಯುವುದು ಅದರ ಕೆಲಸ. ಸಮುದ್ರಕ್ಕೆ ಒಯ್ಯುವ ಮುಂಚೆ ನಿಂತ ನೀರಿನಲ್ಲಿ ಅದು ಸೊನ್ನೆ ತೋರಿಸಬೇಕಿತ್ತು. ಅದಕ್ಕೇ ಖಾನಾಪುರದಾಚೆಯ ಕೆರೆಗೆ ಹೋದೆವು.

ಮಟಮಟ ಮಧ್ಯಾಹ್ನ. ಗಾಳಿಯಿಲ್ಲ, ನೀರಿನ ಮೇಲೆ ಒಂದು ಸುಕ್ಕೂ ಇಲ್ಲ. ದೋಣಿ ಆಚೆ ದಡದತ್ತ ಹೊರಟಿತು. ದಡದಲ್ಲಿಟ್ಟಿದ್ದ ಕಂಪ್ಯೂಟರಿನಲ್ಲಿ ಅದರ ಅಳತೆಯ ಗೆರೆ ನಿಧಾನಕ್ಕೆ ಏರಿ ಇಳಿಯತೊಡಗಿತು.

“ಮಷೀನ್ ಕೆಟ್ಟೈತಿ,” ಎಂದ ಓಂಕಾರ.

“ಹೊಳ್ಳಿ ಓಡಿಸು, ಗೊತ್ತಾಗ್ತದ.”

ಅಲೆಗೆ ಎದುರಾಗಿ ಓಡಿದರೆ ದೋಣಿಗೆ ಅಲೆಗಳು ಬೇಗಬೇಗ ಸಿಗುತ್ತವೆ. ಅಲೆಯ ಜತೆಗೇ ಓಡಿದರೆ ತಡವಾಗಿ. ಕೆಟ್ಟ ಯಂತ್ರಕ್ಕೆ ದಿಕ್ಕಿನ ಹಂಗಿಲ್ಲ. ಆದರೆ ದೋಣಿ ನಮ್ಮತ್ತ ತಿರುಗಿದ ಕೂಡಲೇ ಏರಿಳಿತ ಒತ್ತೊತ್ತಾಯಿತು. ಅಂದರೆ ಅಲೆ ಹೊರಟಿದ್ದು ನಮ್ಮ ದಡದಿಂದ, ನಮ್ಮ ಬೆನ್ನ ಹಿಂದಿನಿಂದ. ನಾನು ತಿರುಗಿ ನೋಡಿದೆ.

ಹಿಂದೆ ಇದ್ದದ್ದು ಒಣ ಹೊಲ, ನಮ್ಮ ಜೀಪು. ಡ್ರೈವರ್ ಗಜಾನನ ಚಹಾವನ್ನು ಬಶಿಗೆ ಸುರಿದು, ಆರಲೆಂದು ಬಂಡೆಯ ಮೇಲಿಟ್ಟಿದ್ದ.

“ಸರ, ಇಲ್ಲಿ ಬರ್ರಿ. ಚಹಾ ಅಳ್ಳಾಡಾಕತ್ತೈತಿ.”

ಚಹಾ ಒಂದಂಚಿಗೆ ಏರಿ, ತುಸು ತಡೆದು, ಇನ್ನೊಂದಂಚಿಗೆ ಹೋಗುತ್ತಿತ್ತು. ದೋಣಿ ಹೋಗುವಾಗ ಕಂಡಷ್ಟು ನಿಧಾನವಲ್ಲ, ಬರುವಾಗ ಕಂಡಷ್ಟು ಬಿರುಸೂ ಅಲ್ಲ. ನಿಂತಲ್ಲೇ ನಿಂತವರಿಗೆ ಆ ಅಲೆ ಹೇಗೆ ಸಿಗಬೇಕೋ ಹಾಗೆ. ಗಜಾನನ ಎರಡೂ ಕೈಯಿಂದ ಬಶಿಯನ್ನು ಗಟ್ಟಿಯಾಗಿ ಹಿಡಿದ. ಚಹಾ ನಿಲ್ಲಲಿಲ್ಲ.

ದೋಣಿಯನ್ನು ನೀರಿನಿಂದ ತೆಗೆದೆವು, ಕಂಪ್ಯೂಟರ್ ಆರಿಸಿದೆವು.

“ಬಶಿ ಇಲ್ಲೇ ಇರ್ಲಿ ಬಿಡ್ರಿ,” ಎಂದು ಗಜಾನನ ಜೀಪು ಹತ್ತಿದ.

ನಾವು ಹೊರಟಾಗಲೂ ಅದರಲ್ಲಿ ಚಹಾ ಏರಿ ಇಳಿಯುತ್ತಲೇ ಇತ್ತು.