ಹಳೆಯ ದರ ಅಳಿಸುವ ಮುನ್ನ

ಬೈಲಹೊಂಗಲದ ಕಾಲೇಜಿನ ಲ್ಯಾಬಿನಲ್ಲಿ ಪ್ರಜ್ಞಾ ಮತ್ತು ಗುರುನಾಥ ಬೆಳಗಿನಿಂದ ಹಾವು ಮುಂಗುಸಿಯಂತೆ ಕಾದಾಡುತ್ತಿದ್ದರು. ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಇಬ್ಬರೂ ಸೇರಿ ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಕಟ್ಟಿದ್ದರು. ಮಧ್ಯಾಹ್ನವೇ ಡೆಮೊ. ಅದರಲ್ಲಿ ಬರೆದ, ಮಾರುಕಟ್ಟೆಯ ಹತ್ತಿ ದರ ತೋರಿಸುವ ಪ್ರೋಗ್ರಾಂ ಓಡಿಸಿದರೆ, ಹೊಸ ದರ ಬರುವ ಹೊತ್ತಿಗೆ ನೆಟ್‌ವರ್ಕ್ ಕೈಕೊಟ್ಟು ಪರದೆ ಖಾಲಿ. ಹೊಸದು ಕೈಸೇರುವ ಮೊದಲೇ ಅವರ ಭಾಷೆ ಹಳೆಯದನ್ನು ಅಳಿಸಿಬಿಡುತ್ತಿತ್ತು.

ಗುರುನಾಥನ ಪ್ರಕಾರ ಅದೇ ಸರಿ. ಹೊಸದು ಕೆಟ್ಟರೆ ಎಲ್ಲ ಖಾಲಿ ಮಾಡಬೇಕು, ಹಳೆಯ ದರ ತೋರಿಸಿ ಜನರಿಗೆ ಸುಳ್ಳು ಹೇಳಬಾರದು ಎಂದು ಹುಬ್ಬು ಗಂಟಿಕ್ಕಿ ವಾದಿಸಿದ. ಆ ಹುಬ್ಬುಗಳನ್ನೇ ನೋಡುತ್ತ ಕುಳಿತರೆ ತಾನು ಸೋತಂತೆಯೇ ಎಂದು ಪ್ರಜ್ಞಾ ಕೀಬೋರ್ಡಿನತ್ತ ತಿರುಗಿದಳು.

"ನಮ್ಮವ್ವ ಹೆಪ್ಪು ಹಾಕೂದು ನೋಡೀಯೇನು? ಹೊಸಾ ಮಸರು ಆಗೂತನಕ ಹಳೇದು ಮುಗಸಂಗಿಲ್ಲ. ಹಾಲು ಒಡದ್ರ, ಒಡದದ್ದನ್ನಷ್ಟ ಚೆಲ್ಲತಾಳ."

ಅವನು ನಕ್ಕು, ಇಷ್ಟಕ್ಕೆ ಯಾಕೆ ಇಷ್ಟೊಂದು ಸಿಟ್ಟು ಎಂದು ಕೇಳಿದ. ಅವನೆಂದರೆ ಪ್ರಜ್ಞಾಳಿಗೆ ಪ್ರಾಣ. ಹೇಳಿದ ಮೇಲೆ ಅವನು ಒಲ್ಲೆ ಎಂದರೆ? ಈ ಪಕ್ಕದ ಕುರ್ಚಿ, ಈ ಜಗಳ, ದಿನಾ ಜೊತೆಗೆ ಹೋಗುವ ಮುನವಳ್ಳಿ ಬಸ್ಸಿನ ಹರಟೆ ಎಲ್ಲವೂ ಹೋಗುತ್ತಿತ್ತು. ಆ ಭಯಕ್ಕೇ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ.

ಅವಳು ಕೋಡ್ ತಿದ್ದತೊಡಗಿದಳು. ಹೊಸ ದರ ಪಕ್ಕದಲ್ಲೇ ಪೂರ್ತಿ ಸಿದ್ಧವಾಗಬೇಕು, ಆಮೇಲಷ್ಟೇ ಹಳೆಯದರ ಜಾಗಕ್ಕೆ ಬರಬೇಕು. ಅರ್ಧಕ್ಕೆ ಕೆಟ್ಟರೆ ಆ ಅರ್ಧವನ್ನು ಮಾತ್ರ ಗುಡಿಸಿ ಹಾಕಬೇಕು. ಸುಳ್ಳಿನ ಮಾತೇ ಬೇಡವೆಂದು, ದರ ಯಾವ ಹೊತ್ತಿನದೆಂಬುದನ್ನೂ ಪಕ್ಕದಲ್ಲಿ ತೋರಿಸಿದಳು.

ಗುರುನಾಥ ಬೇಕೆಂದೇ ನೆಟ್‌ವರ್ಕ್ ಕೇಬಲ್ ಕಿತ್ತ. ಹಳೆಯ ದರ ಅಲ್ಲಾಡದೆ ನಿಂತಿತು. ಇಬ್ಬರೂ ಖುಷಿಗೆ ಮೇಜು ಬಡಿದರು. ಆ ಖುಷಿಯಲ್ಲೇ ಅವಳಿಗೆ ಧೈರ್ಯ ಬಂತು.

"ಗುರು, ಒಂದು ಮಾತು ಹೇಳತೇನಿ. ನೀ ಒಲ್ಲೆ ಅಂದ್ರೂ ನಮ್ಮ ದೋಸ್ತಿ ಇದ್ದಂಗ ಇರಬೇಕು."

"ಇರತೈತಿ. ಹೇಳು."

"ನಂಗ ನಿನ್ನ ಮ್ಯಾಲ ಮನಸಾಗೇತಿ."

ಅವನ ಕಿವಿ ಕೆಂಪಾದವು. ಕೇಬಲ್ ಸಿಕ್ಕಿಸಲು ಹೋಗಿ ಜಾಗ ಸಿಗದೆ ತಡಕಾಡಿದ.

"ನಂಗೂ," ಎಂದ ಕೊನೆಗೆ. "ನಾ ಹೇಳಿ, ನೀ ಒಲ್ಲೆ ಅಂದ್ರ ಎಲ್ಲಾ ಖಾಲಿ ಆಗತೈತಿ ಅಂತ ಸುಮ್ನಿದ್ದೆ." ಆಮೇಲೆ ಓರೆಗಣ್ಣಿನಲ್ಲಿ ಅವಳನ್ನು ನೋಡಿದ. "ಆದ್ರ ಹೊಸಾದು ಕೂಡಿಬಂದ್ರ ಹಳೇದನ್ನ ಅಳಸಬೇಕಲ್ಲ, ನಿನ್ನ ನಿಯಮದಾಗ? ದೋಸ್ತಿ ಅಳಸಲೇನು?"

ಪ್ರಜ್ಞಾ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ದೋಸ್ತಿ ಮುಟ್ಟಿದ್ರ ನೋಡು. ನಂಗ ಎರಡೂ ಬೇಕು."